ಹೇಮಾಳ ಬಲಗಾಲು

ರಾಯದುರ್ಗದ ಕೋಟೆ ಬೆಟ್ಟದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಕೆಳಗಿನ ಶಾಲೆ ಮೈದಾನದಲ್ಲಿ ಆಗಲೇ ಧಪ್, ಧಪ್ ಸದ್ದು. ಹೇಮಾ ಕಾಂಪೌಂಡ್ ಗೋಡೆಗೆ ಚೆಂಡು ಒದೆಯುತ್ತಿದ್ದಾಳೆ. "ಗೋಡಿ ಮ್ಯಾಲ್ಯಾಕ ಇಷ್ಟು ಸಿಟ್ಟವ್ವಾ?" ಎಂದು ಹಾಲಿನವರು ಚುಡಾಯಿಸಿ ಹೋಗುತ್ತಾರೆ. ಅವಳಿಗೆ ನಗು ಬರುವುದಿಲ್ಲ. ಒದ್ದಾದ ಮೇಲೆ ಎಲ್ಲರೂ ಚೆಂಡು ನೋಡಿದರೆ, ಇವಳು ತನ್ನ ಬಲಗಾಲು ನೋಡಿಕೊಳ್ಳುತ್ತಾಳೆ.

ಹೋದ ವರ್ಷ ಇದೇ ಕಾಲಿಗೆ ಪಶ್ಚಿಮ ಏಷ್ಯಾದ ಒಂದು ಫುಟ್‌ಬಾಲ್ ಕ್ಲಬ್ ಸಂಬಳ ಕೊಟ್ಟು ಕರೆಸಿಕೊಂಡಿತ್ತು. ಲೀಗ್ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಯುದ್ಧ. "ಪ್ರಾಕ್ಟೀಸ್ ನಡದಿತ್ರಿ. ಸೈರನ್ ಕೂಗಿತು. ಚೆಂಡು ಅಲ್ಲೇ ಬಿಟ್ಟು ಓಡಿದ್ವಿ," ಎನ್ನುತ್ತಾಳೆ. ಊರಿಗೆ ವಾಪಸ್ ಬಂದವಳಿಗೆ, ಯುದ್ಧ ನಿಂತರೆ ಕರೆಯುತ್ತೇವೆ ಎಂದಿದೆ ಕ್ಲಬ್. ಆದರೆ ಮತ್ತೆ ಆಡಿಸಿ ನೋಡಿಯೇ ತಂಡಕ್ಕೆ ಸೇರಿಸಿಕೊಳ್ಳುವುದು.

ಅಲ್ಲಿಯವರೆಗೆ ಹೊಟ್ಟೆ ಕೇಳಬೇಕಲ್ಲ! ತಾಯಿ ಲಕ್ಷ್ಮಕ್ಕ ದಾರ ಕತ್ತರಿಸುವ ಜೀನ್ಸ್ ಯೂನಿಟ್‌ನಲ್ಲೇ ಮಗಳೂ ಹೊಲಿಗೆಗೆ ಕೂತಿದ್ದಾಳೆ. ಮೊದಲ ದಿನ ಪೆಡಲ್ಲನ್ನು ಗೋಲಿಗೆ ಒದ್ದಂತೆ ಒತ್ತಿದಳು. ಮಿಷನ್ ಹುಚ್ಚೆದ್ದು ಓಡಿ, ದಪ್ಪ ಬಟ್ಟೆಯಲ್ಲಿ ಸೂಜಿ ಮುರಿಯಿತು. ಮಾರನೆಯ ದಿನವೂ ಅದೇ ಕಥೆ. ಮೇಸ್ತ್ರಿ ಮರುಳಪ್ಪ ತಲೆ ಚಚ್ಚಿಕೊಂಡರು. ಆಮೇಲೆ ಅವಳು ಎಡಗಾಲಿನಿಂದ ಒತ್ತಲು ಕಲಿತಳು. "ಪೆಡಲ್ ಮೆತ್ತಗ ಒತ್ಬೇಕ್ರಿ. ಬಲಗಾಲು ಅದನ್ನ ಕಲ್ತ್ರ ಚೆಂಡಿಗೆ ಏನು ಉಳೀತದ?" ಎಂಬುದು ಅವಳ ಭಯ.

ಫೋನು ಮಿಷನ್ ಮೇಲೆ ಕಣ್ಣೆದುರೇ ಇರುತ್ತದೆ. ಅದು ಯಾವಾಗ ಬಡಿದುಕೊಳ್ಳುತ್ತದೋ ಎಂದು ಮಗಳಿಗೆ ಕಾತರ. ಎಲ್ಲಿ ಬಡಿದುಕೊಳ್ಳುತ್ತದೋ ಎಂದು ತಾಯಿಗೆ ದಿಗಿಲು. "ಬಾಂಬ್ ಬೀಳೋ ಊರಿಗೆ ಹೆಂಗ ಕಳಿಸ್ಲಿ? ಬ್ಯಾಡ ಅಂದ್ರ ಊಟಾನೇ ಬಿಡ್ತಾಳ," ಎಂದು ಲಕ್ಷ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಅವಳನ್ನು ಮಾತನಾಡಿಸಲು ನಾನು ಯೂನಿಟ್‌ಗೆ ಹೋದ ದಿನ ಮರುಳಪ್ಪ ಒಂದು ಪ್ಯಾಂಟ್ ಎತ್ತಿ ಹಿಡಿದು ಮೆಚ್ಚಿಕೊಂಡರು. "ಈಗ ಕೈ ಕುಂತತಿ ನೋಡವ್ವಾ. ಈ ವಾರ ಒಂದ್ ಸೂಜೀನೂ ಮುರಿದಿಲ್ಲ." ಹೇಮಾ ಬಗ್ಗಿ ಮಿಷನ್ ಕೆಳಗೆ ನೋಡಿದಳು. ಪೆಡಲ್ ಮೇಲಿದ್ದದ್ದು ಬಲಗಾಲು. ಯಾವಾಗ ಅಲ್ಲಿಗೆ ಬಂದಿತ್ತೋ ಅವಳಿಗೇ ಗೊತ್ತಿಲ್ಲ. ಕಣ್ಣು ತುಂಬಿ ಬಂತು. ಹೊಗಳಿದ್ದಕ್ಕೆ ಅಳುವವರನ್ನು ನಾನು ನೋಡಿದ್ದು ಅದೇ ಮೊದಲು.

ಕಣ್ಣೊರೆಸಿಕೊಂಡು ಅವಳು ಮತ್ತೊಂದು ಪ್ಯಾಂಟ್ ಎಳೆದುಕೊಂಡಳು. ಮಿಷನ್ ಒಮ್ಮೆಲೇ ಅಬ್ಬರಿಸಿತು, ಟಕ್ ಎಂದು ನಿಂತಿತು.

"ಮತ್ತ ಮುರಿದ್ಯೇನವ್ವಾ?" ಮರುಳಪ್ಪ ಆ ಕಡೆಯಿಂದ ಕೂಗಿದರು.

"ಹೌದ್ರಿ," ಎಂದಳು ಹೇಮಾ. ಬೆಳಗಿನಿಂದ ಮೊದಲ ಸಲ ನಕ್ಕಳು. "ಬಲಗಾಲಿಂದಾನ ಮುರಿದೆ."