ಅಕ್ಕಾರ ಶನಿವಾರದ ಪ್ರಶ್ನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕುಗಳಲ್ಲಿ ಬಾಣಂತಿಯರ ಮತ್ತು ಹಸುಗೂಸುಗಳ ಆರೈಕೆಗಾಗಿ ಮನೆಮನೆಗೆ ನಡೆದವರ ಹೆಸರು ಬರೆಯಲು ಯಾರಾದರೂ ಕುಳಿತರೆ, ಮೊದಲ ಸಾಲುಗಳಲ್ಲಿಯೇ ಶ್ರೀಮತಿ ಯಶೋಧಾ ಕಾಂಬಳೆಯವರ ಹೆಸರು ಬರುತ್ತದೆ. ಬೆಳವಲ ತಾಯಿ-ಮಗು ಸೇವಾ ಸಂಸ್ಥೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರು ಎಷ್ಟು ಕೂಸುಗಳನ್ನು ತೂಗಿದರು, ಎಷ್ಟು ಊರು ಸುತ್ತಿದರು ಎಂಬುದನ್ನು ವಾರ್ಷಿಕ ವರದಿಗಳು ಹೇಳುತ್ತವೆ. ವರದಿಗಳಲ್ಲಿ ಇಲ್ಲದ್ದು ಅವರ ಶನಿವಾರಗಳು.

ಸಂಪಗಾಂವದಲ್ಲಿ ಹುಟ್ಟಿ, ಬೈಲಹೊಂಗಲದಲ್ಲಿ ಬಿ.ಎ. ಓದಿ, ಅವರು ಮೊದಲು ಕೆಲಸಕ್ಕೆ ಹೋದದ್ದು ಸವದತ್ತಿಗೆ. ಹೂಲಿಯ ಬಸ್ಸು ತಪ್ಪಿದ ದಿನ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಹೋಗುತ್ತಿದ್ದರಂತೆ. ಮುಂದೆ ಕಿತ್ತೂರಿನಲ್ಲಿ ಏಳು ವರ್ಷ. ಅಲ್ಲಿ ಗುರವ್ವ ಎಂಬ ಕಾರ್ಯಕರ್ತೆ ಅತ್ತೆಯನ್ನು ಪ್ರತಿ ಮಂಗಳವಾರ ಧಾರವಾಡದ ದವಾಖಾನೆಗೆ ಕರೆದೊಯ್ಯಬೇಕಾಗಿ ಬಂದಾಗ, ಸಭೆಗೆ ಗೈರುಹಾಜರಿ ಹಾಕುವ ಬದಲು ಸಭೆಯನ್ನೇ ಬಸ್ ನಿಲ್ದಾಣದ ಕಲ್ಲುಬೆಂಚಿಗೆ ತಂದವರು ಅವರು. ಬಸ್ಸು ಬರುವತನಕ ಗುರವ್ವನ ಮಾತು, ಬಸ್ಸು ಹೋದ ಮೇಲೆ ಉಳಿದವರ ಮಾತು. ದೂರದಿಂದ ಬಂದವರು ಮೊದಲು ಮಾತಾಡಬೇಕು ಎಂಬ ನಮ್ಮ ಸಂಸ್ಥೆಯ ಪದ್ಧತಿ ಹುಟ್ಟಿದ್ದು ಆ ಬೆಂಚಿನ ಮೇಲೆ.

ಬೈಲಹೊಂಗಲದ ಕಚೇರಿಗೆ ಸಂಯೋಜಕಿಯಾಗಿ ಬಂದ ಮೇಲೆ ಅವರು ಎಲ್ಲರಿಗೂ ಬರೀ 'ಅಕ್ಕಾರು' ಆದರು. ಸೋಮವಾರ ಬೈಲಹೊಂಗಲ, ಮಂಗಳವಾರ ಕಿತ್ತೂರು, ಬುಧವಾರ ಸವದತ್ತಿ, ಗುರುವಾರ ರಾಮದುರ್ಗ ಎಂದು ವಾರದ ಸಭೆಗಳು. ಶನಿವಾರ ಮುಂಜಾನೆ ಹಿಂದಿನ ಕೋಣೆಯಲ್ಲಿ ಜಮಖಾನ ಹಾಸಿ, ನಾಲ್ಕೂ ಸಭೆಗಳ ನೋಟುಬುಕ್ಕು ತೆರೆದು ಓದಿ, ಮುಂದಿನ ವಾರದ ಪಟ್ಟಿಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುವುದು. ಎಲ್ಲ ಓದಿ ಮುಗಿದ ಮೇಲೆ ಅಕ್ಕಾರು ಕನ್ನಡಕ ತೆಗೆದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈ ವಾರ ಯಾರು ಮಾತಾಡಲಿಲ್ಲ?"

ಮಾತಾಡದವರ ಊರಿಗೆ ಮುಂದಿನ ವಾರ ಅಕ್ಕಾರು ತಾವೇ ಹೋಗುತ್ತಿದ್ದರು. ಕಿತ್ತೂರಿನ ಮುಖ್ಯಸ್ಥ ನಿಜಗುಣಪ್ಪನವರು ಒಮ್ಮೆ, "ನನ್ನ ಹೆಸರು ಆ ಪಟ್ಟ್ಯಾಗ ಎಂದೂ ಬರಂಗಿಲ್ಲ ಬಿಡ್ರಿ ಅಕ್ಕಾರ," ಎಂದಿದ್ದರು.

"ನೀವು ಸುಮ್ಮ ಕುಂತ ದಿನ ನಾನ ಬೆಳಗಾವಿಯಿಂದ ಕುಂದಾ ತರಿಸಿ ಹಂಚತೇನಿ," ಎಂದರು ಅಕ್ಕಾರು. ಆ ಕುಂದಾ ಇನ್ನೂ ಯಾರೂ ತಿಂದಿಲ್ಲ.

ಈ ಪ್ರಶ್ನೆ ಮೊದಲಿನಿಂದ ಇದ್ದದ್ದಲ್ಲ. ಅದು ಹುಟ್ಟಿದ್ದು ಒಂಬತ್ತು ವರ್ಷದ ಹಿಂದೆ, ರಾಮದುರ್ಗ ತಾಲ್ಲೂಕಿನ ಕಟಕೋಳದಿಂದ. ಅದಕ್ಕೆ ಕಾರಣಳಾದವಳು ಮೀನಾ. ಆಕೆ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಅಕ್ಕಾರು ಬೇರೆಡೆ ಇದ್ದ ಗುರುವಾರಗಳಂದು ರಾಮದುರ್ಗದ ಸಭೆ ನಡೆಸಿ ನೋಟುಬುಕ್ಕು ಬರೆಯುವುದು ಅವಳ ಪಾಲಿಗೆ ಬಂದಿತ್ತು.

ಕಟಕೋಳದ ಕಾರ್ಯಕರ್ತೆ ಕಾಡವ್ವನವರು ಹಳಬರು, ನಂಬಿಗಸ್ತರು. ಸತತ ಮೂರು ವಾರ ನೋಟುಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಒಂದೇ ಸಾಲು: 'ಎಲ್ಲ ಸರಿ ಐತಿ.' ಅಕ್ಕಾರಿಗೆ ಅದು ಹಿಡಿಸಿತು. "ಕಟಕೋಳದ್ದು ನೋಡ್ರಿ, ಒಂದ ಸಾಲಿನ್ಯಾಗ ಮುಗಿಸ್ಯಾರ. ಎಲ್ಲಾರೂ ಹಿಂಗ ಹೇಳಾಕ ಕಲೀರಿ," ಎಂದು ಹೊಗಳಿಬಿಟ್ಟರು. ಹೊಗಳಿದ್ದು ಕಾಡವ್ವನವರ ಕಿವಿಗೂ ಮುಟ್ಟಿತು.

ನಾಲ್ಕನೆಯ ಶನಿವಾರವೂ ಅದೇ ಸಾಲು ಕಂಡಾಗ ಅಕ್ಕಾರ ಕೈ ಹಾಳೆಯ ಮೇಲೆ ನಿಂತಿತು. ಹಿಂದಿನ ಮೂರು ವಾರ ತಿರುವಿ ನೋಡಿದರು. "ಮನಶ್ಯಾರು ಇದ್ದ ಊರಾಗ ನಾಲ್ಕು ವಾರ ಒಂದ ಮಾತು ಇರಾಕ ಸಾಧ್ಯ ಇಲ್ಲ," ಎಂದವರೇ ಸೋಮವಾರದ ಬೈಲಹೊಂಗಲ ಸಭೆ ಹೊಡೆದುಹಾಕಿ ಕಟಕೋಳ ಎಂದು ಬರೆದರು.

ಕಟಕೋಳದಲ್ಲಿ ಕಂಡದ್ದು ಇಷ್ಟು. ಕಾಡವ್ವನವರಿಗೆ ತಕ್ಕಡಿಯ ಮುಳ್ಳು ಕಾಣುತ್ತಿರಲಿಲ್ಲ. ಹೇಳಿದರೆ ಕೆಲಸ ಹೋದೀತೆಂಬ ಭಯಕ್ಕೆ ಅಂದಾಜಿನ ಮೇಲೆ ತೂಕ ಹೇಳುತ್ತಿದ್ದರು. ನಾಲ್ಕು ತಿಂಗಳ ಒಂದು ಹೆಣ್ಣುಕೂಸು ತೂಕದ ಪುಸ್ತಕದಲ್ಲಿ ವಾರವಾರ ಬೆಳೆಯುತ್ತಿತ್ತು. ಅಕ್ಕಾರು ತಕ್ಕಡಿಯ ಜೋಳಿಗೆಯಲ್ಲಿ ತೂಗಿ ನೋಡಿದರೆ ಒಂದು ತಿಂಗಳಿನಿಂದ ಒಂದಿಷ್ಟೂ ಏರಿರಲಿಲ್ಲ. ಅಂದೇ ತಾಯಿ-ಕೂಸನ್ನು ರಾಮದುರ್ಗದ ದವಾಖಾನೆಗೆ ಸೇರಿಸಿದರು. ಹನ್ನೊಂದು ದಿನ ಇದ್ದು ಕೂಸು ಚೇತರಿಸಿಕೊಂಡಿತು. ಈಗ ನಾಲ್ಕನೆಯ ಇಯತ್ತೆ ಓದುತ್ತಿದೆ. ಕಾಡವ್ವನವರ ಕೆಲಸ ಹೋಗಲಿಲ್ಲ. ಅಕ್ಕಾರೇ ಕಣ್ಣಿನ ದವಾಖಾನೆಗೆ ಜೊತೆಗೆ ಹೋಗಿ ಅವರಿಗೆ ಚಾಳೀಸು ಹಾಕಿಸಿದರು, ಮುಂದಿನ ಸಭೆಯಲ್ಲಿ ಎಲ್ಲರೆದುರು "ಹೊಗಳಿ ಬಾಯಿ ಮುಚ್ಚಿಸಿದಾಕಿ ನಾನು" ಎಂದು ತಪ್ಪನ್ನು ತಮ್ಮ ಮೇಲೆ ತೆಗೆದುಕೊಂಡರು. ಕಾಡವ್ವನವರು, "ಅಲ್ರಿ, ತಪ್ಪು ನಂದ," ಎಂದರು. ಅಂದಿನಿಂದ ಶನಿವಾರದ ಪ್ರಶ್ನೆ ಶುರುವಾಯಿತು.

ಇಬ್ಬರು ತಪ್ಪು ಹಂಚಿಕೊಂಡ ಆ ಸಭೆಯಲ್ಲಿ ಮೂರನೆಯವಳು ತಲೆ ತಗ್ಗಿಸಿ ಬರೆಯುತ್ತ ಕುಳಿತಿದ್ದಳು. ಮೀನಾ ಬಾಲ್ಯದಿಂದ ಅಳುಕಿನ ಹುಡುಗಿ, ಒಂದು ಕಾಗದಕ್ಕೆ ಸಹಿ ಹಾಕುವ ಮೊದಲು ಮೂರು ಸಲ ಓದುವವಳು. ಅಂಥವಳು ರಾಮದುರ್ಗದ ಬಸ್ಸಿನಲ್ಲಿ, ಸಭೆಗೆ ಮೊದಲೇ, ಕಟಕೋಳದ ಸಾಲನ್ನು ಬರೆದಿಟ್ಟುಕೊಳ್ಳುತ್ತಿದ್ದಳು. ಕಾಡವ್ವನವರು ಹೇಳುವುದು ಅಷ್ಟೇ ಎಂಬ ಭರವಸೆ. ಮೂರನೆಯ ಗುರುವಾರ ಅವರು ಎದ್ದು ನಿಂತು, "ತಂಗೀ, ಒಂದು ಮಾತು ಹೇಳೂದೈತಿ," ಎಂದಿದ್ದರು. ಮೀನಾ ತಲೆ ಎತ್ತದೆ, "ನಿಮ್ಮದು ಬರಕೊಂಡೀನ್ರಿ ಕಾಡವ್ವಾರ, ಕುಂಡ್ರಿ," ಎಂದಿದ್ದಳು. ಅವರು ಕುಳಿತರು.

ಇದನ್ನು ಮೀನಾ ಯಾರಿಗೂ ಹೇಳಲಿಲ್ಲ. ಒಂಬತ್ತು ವರ್ಷ, ಪ್ರತಿ ಶನಿವಾರ ಆ ಪ್ರಶ್ನೆ ಬಂದಾಗಲೂ ಬೇರೆಯವರ ಹೆಸರು ಹೇಳಿ ಪೆನ್ನು ಮುಚ್ಚುತ್ತಿದ್ದಳು. ಈಗ ಅಕ್ಕಾರ ಜಾಗಕ್ಕೆ ಅವಳೇ ಎಂದು ಸಂಸ್ಥೆ ತೀರ್ಮಾನಿಸಿದ ಮೇಲೆ ಅವಳಿಗೆ ಅನ್ನ ಸೇರದಾಯಿತು. ಆ ಪ್ರಶ್ನೆಯನ್ನು ಇನ್ನು ಮುಂದೆ ಯಾವ ಬಾಯಿಂದ ಕೇಳುವುದು?

ಕಳೆದ ತಿಂಗಳ ಕೊನೆಯ ಶನಿವಾರ. ನಾಲ್ಕೂ ಊರಿನದು ಓದಿ ಮುಗಿಯಿತು, ಉಳಿದವರು ಚಹಾಕ್ಕೆ ಎದ್ದರು. ಅಕ್ಕಾರು ಕನ್ನಡಕ ತೆಗೆದು ಮೀನಾಳನ್ನು ಕೇಳಿದರು. "ಈ ವಾರ ಯಾರು ಮಾತಾಡಲಿಲ್ಲ?"

"ನಾನ್ರಿ ಅಕ್ಕಾರ," ಎಂದಳು ಮೀನಾ. ಎಲ್ಲವನ್ನೂ ಹೇಳಿದಳು.

ಅಕ್ಕಾರು ಎದ್ದು ಕಪಾಟಿನಿಂದ ಆ ವರ್ಷದ ನೋಟುಬುಕ್ಕನ್ನು ಒಂದೇ ಸಲಕ್ಕೆ ಕೈಗೆ ತೆಗೆದುಕೊಂಡರು, ಹುಡುಕಲಿಲ್ಲ. "ಉಳದ ಊರಿನ ಅಕ್ಷರ ನೋಡು, ನೆಟ್ಟಗ ಅದಾವು. ಕಟಕೋಳದ್ದು ನಾಲ್ಕೂ ವಾರ ಕುಣೀತಾವು. ಬಸ್ಸಿನ್ಯಾಗ ಬರದ ಅಕ್ಷರ ನನಗ ಗೊತ್ತಾಗಂಗಿಲ್ಲೇನು? ನಾನೂ ಹೂಲಿ ಬಸ್ಸಿನ್ಯಾಗ ಬರದಾಕಿ."

"ಮತ್ತ ಒಂದಿನಾನೂ ಕೇಳಲಿಲ್ಲಲ್ಲರಿ?"

"ಶನಿವಾರಕ್ಕೊಮ್ಮೆ ಕೇಳಿದ್ನೆಲ್ಲವಾ."

ಅಕ್ಕಾರು ಹಾಳೆಯನ್ನು ಅವಳತ್ತ ಸರಿಸಿದರು. "ನನ್ನ ಮುಂದ ಹೇಳಿ ಏನು ಬಂತು? ಬರಿ, ಸೋಮವಾರ ಎಲ್ಲಿ?"

ಮೀನಾ ಬರೆದಳು: ಕಟಕೋಳ.

ಸೋಮವಾರ ಕಟಕೋಳದ ತಮ್ಮ ಮನೆಯಲ್ಲಿ ಕಾಡವ್ವನವರು ಚಾಳೀಸಿನ ಮೇಲಿನಿಂದ ಅವಳನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ನೀ 'ಕುಂಡ್ರಿ' ಅಂದಿದ್ದು ನೆನಪೈತಿ ತಂಗೀ. ಆಗ ನನ್ನ ಜೀವ ಹಗುರಾಗಿತ್ತು, ಪಾರಾದೆ ಅಂತ. ಅದನ್ನ ನಾನೂ ಯಾರಿಗೂ ಹೇಳಿಲ್ಲ," ಎಂದರು. ಮತ್ತೆ, ಜೋಳದ ರೊಟ್ಟಿ ಮುರಿದು ಅವಳ ತಾಟಿಗೆ ಹಾಕುತ್ತ, "ಅಂದ್ರ ನಾ ಬಾಯಿ ಬಿಡೂಕಿಂತ ಮೊದಲ ನೀ ಬರದಿದ್ದಿ. ಒಂಬತ್ತು ವರ್ಷ ನನ್ನದು ಅಂತ ಹೊತಗೊಂಡ ಸುಳ್ಳೂ ಪೂರಾ ನನ್ನದಲ್ಲ ಅನ್ನು. ತಿನ್ನು, ಆರತೈತಿ," ಎಂದರು.

ಇದನ್ನು ಅಕ್ಕಾರ ಈ ಅಭಿನಂದನ ಗ್ರಂಥದಲ್ಲಿ ಸೇರಿಸಬೇಕೆಂದು ಹೇಳಿದವರು ಮೀನಾ ಮತ್ತು ಕಾಡವ್ವನವರೇ. ಅಕ್ಕಾರ ಗುಣವನ್ನು ಹೇಳಲು ಇದಕ್ಕಿಂತ ದೊಡ್ಡ ಮಾತು ತಮ್ಮ ಬಳಿ ಇಲ್ಲವೆಂದರು.

ಶ್ರೀಮತಿ ಯಶೋಧಾ ಕಾಂಬಳೆಯವರಿಗೆ ನೂರು ತುಂಬಲಿ, ಅವರ ಕಾಲು ಗಟ್ಟಿಯಿರಲಿ, ಸಂಪಗಾಂವದ ಮನೆಯಲ್ಲಿ ಅವರನ್ನು ಯಾರೂ ಬಹಳ ದಿನ ಸುಮ್ಮನೆ ಕೂಡಗೊಡದಿರಲಿ. ಬರುವ ವಾರದ ಪಟ್ಟಿ ಈಗಾಗಲೇ ಗೋಡೆಯ ಮೇಲಿದೆ. ಅದರ ಕೊನೆಯ ಸಾಲನ್ನು ಮೀನಾ ಬರೆದಿದ್ದಾಳೆ: 'ಶನಿವಾರ, ಮುಂಜಾನೆ ಹತ್ತು. ಅಕ್ಕಾರು ಬಂದು ಪ್ರಶ್ನೆ ಕೇಳುವುದು.' ಅಕ್ಷರಗಳು ನೆಟ್ಟಗಿವೆ.