ಹೆಸರಿನ ಮುಂದಿನ ಚುಕ್ಕಿ

ಕೆಳಗಿನ ಲಾಂಡ್ರಿಯ ಯಂತ್ರ ಗಡಗಡ ಸುತ್ತಿ, ಏದುಸಿರು ಬಿಟ್ಟು ನಿಂತಿತೆಂದರೆ ಬೆಳಗಿನ ಹತ್ತು ಗಂಟೆ. ಆ ಹೊತ್ತಿಗೆ ಟೈಪಿನವಳು ಮೇಲಿನ ಕೋಣೆಯಲ್ಲಿ ಕೆಲಸಕ್ಕೆ ಕೂತಿರುತ್ತಾಳೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಬೀದಿಯವರು ಅವಳನ್ನು ಕರೆಯುವುದೇ ‘ಟೈಪಿನವಳು’ ಎಂದು. ಅವಳ ಅಕ್ಕನನ್ನು ‘ಓದುವವಳು’ ಎನ್ನುತ್ತಿದ್ದರು. ಜನ ತಂದುಕೊಟ್ಟ ಕೈಬರಹವನ್ನು ಇಪ್ಪತ್ತೆರಡು ವರ್ಷ ಅಕ್ಕ ಗಟ್ಟಿಯಾಗಿ ಓದಿದಳು, ತಂಗಿ ಬೆರಳು ಓಡಿಸಿದಳು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಿ ಅಭ್ಯಾಸವಾಗಿ, ಅಕ್ಕ ಜಗಳದಲ್ಲೂ “ನಿನ್ನ ಸಹವಾಸ ಸಾಕು, ಪೂರ್ಣವಿರಾಮ” ಎನ್ನುತ್ತಿದ್ದಳು.

ಕೊನೆಯ ವರ್ಷ ಹಾಸಿಗೆ ಹಿಡಿದ ಮೇಲೂ ಅವಳು ಓದು ಬಿಡಲಿಲ್ಲ. ಮಲಗಿದಲ್ಲೇ ಓದಿ, ರೆಕಾರ್ಡ್ ಮಾಡಿ, ಹೆಸರು ಕೊಟ್ಟು ಕಂಪ್ಯೂಟರಿನಲ್ಲಿ ಇಡುತ್ತಿದ್ದಳು; ತಂಗಿ ಕೇಳಿ ಟೈಪ್ ಮಾಡುತ್ತಿದ್ದಳು. ಅಕ್ಕ ಹೋಗಿ ಏಳು ತಿಂಗಳು. ಈಗ ಕೋಣೆಯಲ್ಲಿ ಕೀಗಳ ಸದ್ದು ಬಿಟ್ಟರೆ ಮಾತಿಲ್ಲ. ರೆಕಾರ್ಡಿನಲ್ಲಿದ್ದ ಆ ಧ್ವನಿಯನ್ನು ಮತ್ತೆ ಕೇಳುವ ಧೈರ್ಯ ತಂಗಿಗೆ ಒಮ್ಮೆಯೂ ಬಂದಿರಲಿಲ್ಲ. ಇದೆಯಲ್ಲ, ಅಷ್ಟೇ ಸಾಕಾಗಿತ್ತು.

ಕಳೆದ ವಾರ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ರಿಪೇರಿಯವನು ಹೊಸದನ್ನು ಕೂರಿಸಿ, ಬ್ಯಾಕಪ್‌ನಲ್ಲಿದ್ದುದನ್ನೆಲ್ಲ ಅದಕ್ಕೆ ಇಳಿಸಿ ಹೋದ. ಅವಳು ಅಕ್ಕನ ಫೋಲ್ಡರ್ ತೆರೆದರೆ ಒಳಗೆ ಬಟಾಬಯಲು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಹೇಳಿಕೊಳ್ಳಲು ಇದ್ದವಳು ಅಕ್ಕ ಒಬ್ಬಳೇ, ಈಗ ಕಳೆದುಹೋಗಿದ್ದೂ ಅವಳದೇ ಧ್ವನಿ. ಮೂರನೆಯ ದಿನ ರಿಪೇರಿಯವನಿಗೆ ಫೋನು ಮಾಡಿದಳು.

ಬಂದವನು ಪರದೆಗೆ ಮುಖವಿಟ್ಟು ಫೋಲ್ಡರಿನ ಗಾತ್ರ ನೋಡಿದ. “ಖಾಲಿ ಅಂತೀರಿ ಮೇಡಂ. ಖಾಲಿ ಮೂಟೆ ಇಷ್ಟು ಭಾರ ಇರುತ್ತಾ?”

“ಕಣ್ಣಿಗೆ ಕಾಣದ್ದು ಇದ್ದರೆಷ್ಟು, ಬಿಟ್ಟರೆಷ್ಟು?”

“ಫೈಲಿನ ಹೆಸರಿನ ಮುಂದೆ ಏನಾದ್ರೂ ಹಾಕ್ತಿದ್ರಾ? ಚುಕ್ಕಿ ಗಿಕ್ಕಿ?”

“ಅಕ್ಕ ಹಾಕ್ತಿದ್ಲು. ತುರ್ತಿನ ಕೆಲಸ ಪಟ್ಟಿಯಲ್ಲಿ ಮೊದಲು ಬರಲಿ ಅಂತ. ಅವಳಿಗೋ, ಎಲ್ಲಾನೂ ತುರ್ತೇ.”

“ಸರಿಹೋಯ್ತು! ಹಳೇದರಲ್ಲಿ ಅದು ಮೇಲೆ ಬರ್ತಿತ್ತು. ಇದರ ಪದ್ಧತಿ ಬೇರೆ, ಮುಂದೆ ಚುಕ್ಕಿ ಕಂಡ್ರೆ ಬಚ್ಚಿಟ್ಟುಬಿಡುತ್ತೆ.”

ಅವನು ಎರಡು ಕೀ ಒಟ್ಟಿಗೆ ಒತ್ತಿದ. ಹೆಸರುಗಳು ಮಸುಕಾಗಿ ಒಂದರ ಕೆಳಗೊಂದು ಮೂಡಿದವು, ನೂರಕ್ಕೂ ಹೆಚ್ಚು.

“ಚುಕ್ಕಿ ಎಲ್ಲಾ ಅಳಿಸಿಬಿಡ್ಲಾ? ಮತ್ತೆ ಮಾಯ ಆಗಲ್ಲ.”

“ಬೇಡಪ್ಪ, ಅವಳಿಟ್ಟಿದ್ದು. ಆ ಎರಡು ಕೀ ಯಾವುವು ಅಂತ ಬರೆದುಕೊಡಿ, ಸಾಕು.”

ಅವನು ಬರೆದುಕೊಟ್ಟ. “ಸರಿಯಾಗಿ ಇಳಿದಿದೆಯಾ ನೋಡೋಣ” ಎಂದು ಕೊನೆಯ ಫೈಲನ್ನು ಒತ್ತಿಯೂಬಿಟ್ಟ. ತಡೆಯಲು ಅವಳು ಕೈ ಎತ್ತುವಷ್ಟರಲ್ಲಿ ಅಕ್ಕ ಓದತೊಡಗಿದ್ದಳು.

“...ಎಂದು ಸಮಿತಿ ಭಾವಿಸುತ್ತದೆ. ಹೊಸ ಪ್ಯಾರಾ.” ಒಂದು ಕೆಮ್ಮು. “ಏನೇ, ಗಂಟಲು ಒಣಗ್ತಿದೆ. ಒಂದು ಲೋಟ ನೀರು ತಾರೇ.”

ಟೈಪಿನವಳು ಆಗಲೇ ಎದ್ದಿದ್ದಳು. “ತಂದೆ ಕಣೇ, ತಂದೆ. ಬಿಸಿ ಮಾಡಿ ತರಲಾ, ಇಲ್ಲ ಹಾಗೇ—” ಎನ್ನುತ್ತ ಒಳಕೋಣೆಯತ್ತ ನಡೆದಳು.