ರವಿವಾರ ಮಾತ್ರ ಬದುಕಿದ್ದ ಮಗ

ಗಡಿನಾಡಿನ ಬೇಡಗ ಹಳ್ಳಿಯ ಮಾಯವ್ವನಿಗೆ ರವಿವಾರ ಬಂತೆಂದರೆ ಎಲ್ಲಿಲ್ಲದ ಅವಸರ. ನಸುಕಿನಲ್ಲೇ ರೊಟ್ಟಿ ಬಡಿದು, ಕುರಿಮರಿಗಳಿಗೆ ಸೊಪ್ಪು ಹಾಕಿ, ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು ಮಿರಜದ ಬಸ್ಸಿಗೆ ಹೋಗಿ ನಿಲ್ಲುತ್ತಿದ್ದಳು. ಮಿರಜದ ಒಂದು ಓಣಿಯಲ್ಲಿ ಸಣ್ಣ ಬುದ್ಧವಿಹಾರವಿತ್ತು. ಅಲ್ಲಿ ಕೆಲವರು ಕಣ್ಣು ಮುಚ್ಚಿ ಕುಳಿತು ಮೈತ್ರಿ ಧ್ಯಾನ ಮಾಡುತ್ತಿದ್ದರು.

ಗಂಡ ಜ್ಯೋತೆಪ್ಪನಿಗೆ ಇದು ನಗೆಯ ವಿಷಯವಾಗಿತ್ತು.

“ಕಣ್ಣ ಮುಚ್ಚಿ ಕುಂದ್ರಾಕ ಮಿರಜಿಗ್ಯಾಕ ಹೋಗಬೇಕ? ಕುರಿ ಹಿಂದ ಬಾ. ನಾ ದಿನಾ ಬೇವಿನ ಗಿಡದ ಬುಡಕ ಅದನ್ನ ಮಾಡ್ತೇನಿ.”

“ನೀವು ಮಾಡೂದು ನಿದ್ದಿ. ನಿಮ್ಮ ಗೊರಕಿ ಕೇಳಿ ಕುರಿ ಬೆದರತಾವು.”

ನಿಜವಾದ ಕಾರಣವೇನೆಂದು ಅವನು ಬಿಡಿಸಿ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ವಿಹಾರದಲ್ಲಿ ಅವರ ಒಬ್ಬನೇ ಮಗ ರಾಜಕುಮಾರ ಇನ್ನೂ ಬದುಕಿದ್ದನು.

ರಾಜಕುಮಾರ ಕುಪವಾಡದ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ, ಪಾಳಿ ಮುಗಿಸಿ ಬರುವಾಗ, ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಅವನ ಮೋಟಾರ್ ಸೈಕಲ್ ಬಡಿಯಿತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾಯವ್ವ ಅಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆಯೇ ಕಸಬರಿಗೆ ಹಿಡಿದು ಕುರಿಹಟ್ಟಿ ಗುಡಿಸಿದಳು. ಊರವರು ಕಲ್ಲೆದೆಯವಳು ಎಂದು ಮಾತನಾಡಿಕೊಂಡರು. ಸೊಸೆ ಯೋಗಿತಾ ಮಾಲಗಾಂವದ ತವರಿಗೆ ಹೋದಳು.

ಮುಂದೆ ಒಂದು ದಿನ ಮಾಯವ್ವ ಕಣ್ಣು ತೋರಿಸಲು ಮಿರಜಿಗೆ ಬಂದಿದ್ದಾಗ ಜೋರು ಮಳೆ ಹಿಡಿಯಿತು. ಅವಳು ವಿಹಾರದ ಕಟ್ಟೆ ಹತ್ತಿ ನಿಂತಳು. ಧ್ಯಾನ ಕಲಿಸುತ್ತಿದ್ದ ಸುಮನ ಎಂಬಾಕೆ ಒಳಗೆ ಕರೆದು, ಹೆಸರು ಕೇಳಿ, ಚಹಾ ಕೊಟ್ಟರು. ದವಾಖಾನೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ತಾಯಿಯ ಕಡೆಯವರು ಅಥಣಿಯವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು.

“ಮಕ್ಕಳೆಷ್ಟ ಮಂದಿ, ಮಾಯವ್ವಾ?”

“ಒಬ್ಬಾವ ಮಗ ರೀ. ಕುಪವಾಡದಾಗ ಕೆಲಸಕ್ಕ ಹೋಗ್ತಾನ.”

ಎಷ್ಟೋ ವರ್ಷದ ರೂಢಿಯಿಂದ ನಾಲಿಗೆ ಹಾಗೆ ನುಡಿಯಿತು. ತಿದ್ದಬೇಕೆಂದು ಬಾಯಿ ತೆರೆದಳು; ತಿದ್ದಲಾಗಲಿಲ್ಲ. ಆ ಕೋಣೆಯಲ್ಲಿ ಅವಳನ್ನು ಕನಿಕರದಿಂದ ನೋಡುವವರು ಯಾರೂ ಇರಲಿಲ್ಲ. ಅಲ್ಲಿ ಅವಳು ದುಡಿಯುವ ಮಗನ ತಾಯಿ. ಮುಂದಿನ ರವಿವಾರದಿಂದ ಅವಳು ಧ್ಯಾನಕ್ಕೆ ಬರತೊಡಗಿದಳು.

ಧ್ಯಾನದ ಕ್ರಮ ಸರಳವಾಗಿತ್ತು. ಸುಖವಾಗಿರಲಿ, ಆರೋಗ್ಯವಾಗಿರಲಿ, ಭಯವಿಲ್ಲದಿರಲಿ ಎಂದು ಮೊದಲು ತನಗೆ ಹಾರೈಸಿಕೊಳ್ಳಬೇಕು. ಅನಂತರ ಪ್ರೀತಿಯವರಿಗೆ, ಅಪರಿಚಿತರಿಗೆ, ಕೊನೆಗೆ ಸಿಟ್ಟು ಬರಿಸಿದವರಿಗೆ. ಉಳಿದವರು ಮರಾಠಿಯಲ್ಲಿ ಹೇಳಿಕೊಂಡರೆ ಮಾಯವ್ವ ಕನ್ನಡದಲ್ಲಿ ಹೇಳಿಕೊಳ್ಳುವಳು. ಮಗನ ಹೆಸರು ಬಂದ ಮೇಲೆ ಅವಳು ಅಲ್ಲಿಂದ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ‘ನನ್ನ ರಾಜೂಗ ಆರಾಮಿರ್ಲಿ. ದಾರ್ಯಾಗ ಹೆದರಿಕಿ ಇಲ್ದಂಗ ಮನಿಗೆ ಬರ್ಲಿ.’ ಗಂಟೆ ಬಾರಿಸುವವರೆಗೂ ಅವನು ಬರುತ್ತಲೇ ಇರುವನು.

ಹೀಗಿರುವಾಗ ಯೋಗಿತಾ ಬೇಡಗಕ್ಕೆ ಬಂದಳು. ಒಳಗೆ ಬಾರದೆ ಬಾಗಿಲಲ್ಲೇ ನಿಂತಳು.

“ಅತ್ತಿ, ನಮ್ಮಪ್ಪ ನನಗ ಒಂದ ಸಂಬಂಧ ನೋಡ್ಯಾನ. ತಾಸಗಾಂವದವರು. ನೀವು ಹೂಂ ಅನ್ನೂತನಕಾ ನಾ ಹೂಂ ಅನ್ನಂಗಿಲ್ಲ.”

ಅವರ ಮಂದಿಯಲ್ಲಿ ಗಂಡ ಸತ್ತವಳಿಗೆ ಮರುಮದುವೆ ಹೊಸತಲ್ಲ. ಮೊದಲ ಮನೆಯವರು ಒಪ್ಪಿ ಕಳಿಸಬೇಕಷ್ಟೆ. ಮಾಯವ್ವನ ಮೈ ಉರಿಯಿತು.

“ಇಷ್ಟ ಲಗೂ ಹಸಿವಾತೇನ ನಿನಗ? ಹೋಗು. ನನ್ನ ಬಾಯಿಂದ ಆ ಮಾತ ಬರೂದಿಲ್ಲ.”

ಬಿಸಿಲಲ್ಲಿ ಬಂದ ಹುಡುಗಿ ಒಂದು ಲೋಟ ನೀರನ್ನೂ ಕುಡಿಯದೆ ಮರಳಿದಳು.

ಆ ರವಿವಾರ ವಿಹಾರಕ್ಕೆ ಹೊಸಬರೊಬ್ಬರು ಬಂದಿದ್ದರು. ತೀರಿಹೋದ ತಂದೆಯನ್ನು ನೆನೆದು ಹಾರೈಸಬಹುದೇ ಎಂದು ಅವರು ಕೇಳಿದರು. ಸುಮನ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು: “ಬೇಡ. ಈ ಧ್ಯಾನಕ್ಕೆ ಬದುಕಿರುವವರನ್ನೇ ಇಟ್ಟುಕೊಳ್ಳಬೇಕು. ಹಿಂದಿನವರು ಹಾಗೇ ವಿಧಿಸಿದ್ದಾರೆ. ಸತ್ತವರನ್ನು ನೆನೆದರೆ ಅದು ಮೈತ್ರಿಯಾಗದೆ ದುಃಖವಾಗುತ್ತದೆ. ದುಃಖ ಬಂದರೆ ಓಡಿಸಬೇಡಿ, ದುಃಖವೆಂದೇ ಗುರುತಿಸಿ.”

ಮಾಯವ್ವ ಕಣ್ಣು ಮುಚ್ಚಿದಳು. ಮೊದಲು ಬಂದ ಮಗನ ಹೆಸರನ್ನು ಈ ಸಲ ಹೇಳಿಕೊಳ್ಳಲಿಲ್ಲ. ಬದುಕಿರುವವರು ಯಾರೆಂದು ಹುಡುಕಿದಳು. ನೀರು ಕುಡಿಯದೆ ತಿರುಗಿದ ಯೋಗಿತಾಳ ಬೆನ್ನು ಕಂಡಿತು. ಹಿಂದೆಯೇ ಸಿಟ್ಟು ಬಂತು. ಆ ಸಿಟ್ಟನ್ನು ನೋಡುತ್ತ ಕುಳಿತಳು. ಅದರ ಕೆಳಗೆ ಇದ್ದುದು ಹೆದರಿಕೆ: ಸೊಸೆ ಬೇರೊಬ್ಬನ ಹೆಂಡತಿಯಾದರೆ ರಾಜು ನಿಜವಾಗಿಯೂ ಸತ್ತಂತೆ. ಎದ್ದು ಹೊರಗೆ ಕಟ್ಟೆಗೆ ಬಂದಳು. ಸುಮನ ಹಿಂದೆಯೇ ಬಂದರು.

“ಏನಾತ ಮಾಯವ್ವಾ?”

“ಅಕ್ಕಾ, ನನ್ನ ಮಗ ಸತ್ತಾನ.”

“ಅಯ್ಯ! ಯಾವಾಗ?”

“ನಾ ಇಲ್ಲಿ ಬರೂದಕ್ಕಿಂತ ಮದಲ. ಬುದ್ಧಪೌರ್ಣಿಮಿಗೆ ನೀವು ಅವಗಂತ ಡಬ್ಬ್ಯಾಗ ಖೀರ ಕೊಟ್ಟ ಕಳಿಸಿದ್ರಿ. ದಾರ್ಯಾಗ ನಾನ ಉಂಡೇನಿ. ಭಾಳ ಛಲೋ ಆಗಿತ್ತಂತ ಹೇಳ್ಯಾನ ಅಂತ ನಿಮಗ ಸುಳ್ಳ ಹೇಳೇನಿ.”

ಸುಮನ ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು, ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಒಳಗೆ ಜನ ಕಾಯುತ್ತಿದ್ದರು. ಕಾಯಲಿ ಎಂದು ಬಿಟ್ಟರು.

ಅಲ್ಲಿಂದ ಮಾಯವ್ವ ಮನೆಗೆ ಹೋಗದೆ ಮಾಲಗಾಂವದ ದಾರಿ ಹಿಡಿದಳು. ಯೋಗಿತಾ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಅತ್ತೆಯನ್ನು ಕಂಡು ಬೂದಿಗೈಯಲ್ಲೇ ಎದ್ದು ನಿಂತಳು.

“ಹೂಂ ಅನ್ನಾಕ ಬಂದೇನಿ,” ಎಂದಳು ಮಾಯವ್ವ. “ಮದಿವಿ ಆಗು. ಆವತ್ತ ಆಡಿದ ಮಾತ ಮನಸಿನ್ಯಾಗ ಇಟಗೋಬ್ಯಾಡ.”

ಹುಡುಗಿ ಸಂತೋಷಪಡುವಳೆಂದು ಅವಳು ಎಣಿಸಿದ್ದಳು. ಯೋಗಿತಾ ಬೇಡವೆಂಬಂತೆ ತಲೆಯಾಡಿಸಿದಳು.

“ನೀವು ಒಲ್ಲೆ ಅಂತೀರಂತ ನಂಬಿ ಕೇಳಾಕ ಬಂದಿದ್ನಿ, ಅತ್ತಿ. ಈಗ ನೀವೂ ಹೂಂ ಅಂದ್ರ, ಅವರನ್ನ ಕಾಯವರ ಯಾರ ಉಳೀತಾರ?”

“ಅವ ಬರೂದಿಲ್ಲವ್ವಾ. ನೀ ಕಾದ್ರೂ ಬರೂದಿಲ್ಲ, ನಾ ಕಾದ್ರೂ ಬರೂದಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಮಾಯವ್ವ ಪಾತ್ರೆಗಳ ನಡುವೆಯೇ ಕುಸಿದು ಕುಳಿತಳು. ಮಣ್ಣು ಮಾಡಿದ ದಿನ ಬಾರದ ಅಳು ಆಗ ಬಂತು. ಯೋಗಿತಾ ಬೂದಿಗೈಯಿಂದಲೇ ಅವಳನ್ನು ತಬ್ಬಿಕೊಂಡಳು.

ಮರಳುವ ಬಸ್ಸಿನಲ್ಲಿ ಮಾಯವ್ವ ಕಣ್ಣು ಮುಚ್ಚಿದಳು. ‘ಯೋಗಿತಾ ಸುಖವಾಗಿರ್ಲಿ’ ಎಂದು ಒಳಗೇ ಹೇಳಿಕೊಂಡಳು. ಅದಾದ ಮೇಲೆ ಬಂದುದು ಮಗನ ಹೆಸರೇ. ಅವನಿಗಾಗಿ ಹಾರೈಸಲು ಈಗ ಏನೂ ಉಳಿದಿರಲಿಲ್ಲ. ಆದರೂ ಆ ಹೆಸರನ್ನು ಅವಳು ಓಡಿಸಲಿಲ್ಲ. ಪಕ್ಕದ ಹೆಂಗಸು ಅವಳ ಕಣ್ಣೀರು ಕಂಡು ಸ್ವಲ್ಪ ಸರಿದು, ಅವಳು ತಲೆಯಾನಿಸಲು ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟಳು.